ಯಾವ ರಟ್ಟಿ?

2024ರ ಆಗಸ್ಟ್ 1. ಪ್ಯಾರಿಸ್ ಒಲಿಂಪಿಕ್ಸ್‌ನ ಬಾಕ್ಸಿಂಗ್‌ನಲ್ಲಿ ಇಟಲಿಯ ಆಂಜೆಲಾ ಕರೀನಿ ಅಲ್ಜೀರಿಯಾದ ಇಮಾನ್ ಖಲೀಫ್ ಎದುರು 46 ಸೆಕೆಂಡು ನಿಂತು, ಮೂಗಿನ ನೋವು ತಾಳದೆ ಆಟ ಬಿಟ್ಟಳು. ಮೊಬೈಲ್ ಹಿಡಿದು ಕೂತಿದ್ದ ಅಣ್ಣನ ಮಗ ಕೇಳಿದ, ‘ಕಾಕಾ, ಆಕಿ ಬಿದ್ದೇ ಇಲ್ಲಲಾ. ಬಿಟ್ಟರ ಸೋತಂಗೇನು?’

‘ಹೂಂ, ಸೋತಂಗ.’

ಉತ್ತರ ಅಷ್ಟು ಥಟ್ಟನೆ ಬಂದದ್ದಕ್ಕೆ ಕಾರಣವಿತ್ತು.

ನಾನು ಮೂಡಲಗಿಯ ತಾಲೀಮಿನಲ್ಲಿ ಮಣ್ಣಾಡಿದವನು. ಊರು ಆಗಿನ್ನೂ ಗೋಕಾಕ ತಾಲೂಕಿನಲ್ಲಿತ್ತು. ಇಪ್ಪತ್ತೊಂದರ ಸೊಕ್ಕಿನಲ್ಲಿ ಹುಕ್ಕೇರಿ ಕಡೆಯ ಜಾತ್ರೆಯೊಂದಕ್ಕೆ ಹೋದೆ. ನಿಕಾಲಿ ಕುಸ್ತಿ. ಅಂಕದ ಲೆಕ್ಕವಿಲ್ಲ, ಬರಾಬರಿ ಇಲ್ಲ, ಒಬ್ಬನ ಬೆನ್ನು ಮಣ್ಣಿಗೆ ಹತ್ತಲೇಬೇಕು. ಜೋಡಿ ನನಗಿಂತ ಗಿಡ್ಡ. ಹಲಗಿ ಬಡಿದರು, ಸಲಾಮಿ ಆಯಿತು, ಹತ್ತು ನಿಮಿಷದಲ್ಲಿ ನಾನು ಬೋರಲು ಬಿದ್ದಿದ್ದೆ, ಅವನು ಬೆನ್ನ ಮೇಲಿದ್ದ. ಮೂಗಿನ ತುಂಬ ಎಣ್ಣೆ, ಅರಿಷಿಣ ಬೆರೆಸಿದ ಮಣ್ಣಿನ ವಾಸನೆ. ನೋವಿರಲಿಲ್ಲ. ಉಸಿರೂ ಇತ್ತು. ಸಾಕು ಅನಿಸಿತು, ಅಷ್ಟೇ. ಬಲಗೈ ಬಡಿದು, ‘ರಟ್ಟಿ ಉಳುಕೇತ್ರೀ!’ ಎಂದು ಚೀರಿದೆ. ಪಂಚರು ಬಿಡಿಸಿ ಅವನ ಕೈ ಎತ್ತಿದರು. ಪೇಟಾ ಅವನಿಗೆ ಹೋಯಿತು. ಪಾಪ ಎಂದು ಜನ ನನಗೂ ಚಪ್ಪಾಳೆ ತಟ್ಟಿದರು. ಹೇಳಲು ನಾಚಿಕೆ, ಅದು ನನಗೆ ಭಾಳ ಸೇರಿತು.

ಮರುದಿನ ವಸ್ತಾದರು ಎಣ್ಣೆ ಬಿಸಿ ಮಾಡಿಕೊಂಡು ಕೂತು, ‘ಎಲ್ಲೆ ನೋವೈತಿ, ತೋರ್ಸು’ ಅಂದರು. ನಾನು ಎಡಗೈ ಚಾಚಿದೆ. ಅವರ ಹೆಬ್ಬೆರಳು ಕೀಲಿನ ಮೇಲೆ ಒಂದು ಗಳಿಗೆ ನಿಂತಿತು. ಮುಖ ಎತ್ತಲಿಲ್ಲ. ಎಡಗೈಗೇ ಎಣ್ಣೆ ತಿಕ್ಕಿ ಕಳಿಸಿದರು. ಕೆರದಿಂದ ಹೊಡೆದಿದ್ದರೂ ನಾನು ಮತ್ತೆ ತಾಲೀಮಿಗೆ ಹೋಗುತ್ತಿದ್ದೆ. ಆ ಎಣ್ಣೆ ಹಚ್ಚಿಸಿಕೊಂಡ ಮೇಲೆ ಆಗಲಿಲ್ಲ.

1975ರಲ್ಲಿ ಮನಿಲಾದಲ್ಲಿ ಮಹಮ್ಮದ್ ಅಲಿ ಎದುರು 14 ಸುತ್ತು ಕಾದಾಡಿ ಕಣ್ಣು ಬಾತುಹೋಗಿದ್ದ ಜೋ ಫ್ರೇಜಿಯರ್‌ನನ್ನು ಅವನ ಗುರು ಎಡ್ಡಿ ಫಚ್ ಮುಂದಿನ ಸುತ್ತಿಗೆ ಏಳಗೊಡಲಿಲ್ಲ. ಲೆಕ್ಕದಲ್ಲಿ ಅದೂ ಸೋಲೇ. ಅದಕ್ಕೆ ಅವನನ್ನು ಹೇಡಿ ಎನ್ನುವವರಿಲ್ಲ. ನನ್ನ ಜಾತಿಯವನು ಪನಾಮಾದ ರಾಬರ್ಟೊ ಡುರಾನ್. 1980ರ ನವೆಂಬರ್ 25ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಶುಗರ್ ರೇ ಲೆನಾರ್ಡ್ ಎದುರು ಎಂಟನೇ ಸುತ್ತಿನಲ್ಲಿ ಕೈಬಿಟ್ಟ. ಹೊಟ್ಟೆ ಹಿಡಿದುಕೊಂಡಿತ್ತು ಎಂದು ಆಮೇಲೆ ಹೇಳಿದ. ಇದ್ದೀತು, ನನ್ನಂಥವನಿಗೆ ನಂಬಿಕೆ ಬರುವುದು ಕಷ್ಟ. ಆದರೆ ಅವನು ಮತ್ತೆ ರಿಂಗಿಗಿಳಿದ, 1983ರಲ್ಲಿ ಡೇವಿ ಮೂರ್‌ನನ್ನು ಹೊಡೆದು ಪಟ್ಟ ಗೆದ್ದ.

ನಾನು ಗೆದ್ದದ್ದು ಮಾತಿನಲ್ಲಿ. ‘ಆವತ್ತ ರಟ್ಟಿ ಉಳುಕದಿದ್ರ...’ ಎಂದು ಗೋಕಾಕದ ಬೀಗರ ಮನೆಯಲ್ಲಿ ಕರದಂಟು ಮೆಲ್ಲುತ್ತ ಎಷ್ಟು ಸಲ ಹೇಳಿದ್ದೆನೋ. ಆ ಹುಡುಗನೂ ಅದನ್ನು ಕೇಳುತ್ತಲೇ ಬೆಳೆದವನು. ಆ ರಾತ್ರಿ ಅವನಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ:

‘ಹಂಗಾರ ಕಾಕಾ, ಉಳುಕಿದ್ದು ಯಾವ ರಟ್ಟಿ?’

‘ಎರಡೂ ನೆಟ್ಟಗಿದ್ದುವು.’