ದರ್ವೇಶಿಯ ವೇಷದಿಂದ ಜೋಳದ ಹೊಲಕ್ಕೆ

ಮೈಮೇಲೆ ಗಾಯ, ಬೆನ್ನಿಗೆ ಬ್ರಿಟಿಷ್ ಪಡೆ, ಮುಂದೆ ಪರ್ಷಿಯಾದ ಬೆಂಗಾಡು. ಒಮ್ಮೆ ಸಿಕ್ಕಿಬಿದ್ದು ತಪ್ಪಿಸಿಕೊಂಡದ್ದಾಗಿದೆ. ಇನ್ನೊಮ್ಮೆ ಸಿಕ್ಕರೆ ಉಳಿಗಾಲವಿಲ್ಲ. ಸಂಗಾತಿ ಸೂಫಿ ಅಂಬಾ ಪ್ರಸಾದ್ ಶಿರಾಜ್‌ನಲ್ಲಿ ಪ್ರಾಣ ಬಿಟ್ಟಿದ್ದಾನೆ. ಉಳಿದದ್ದು ಒಂದೇ ದಾರಿ: ದರ್ವೇಶಿಯ ವೇಷ ತೊಡು, ಅಲೆಮಾರಿಗಳ ನಡುವೆ ಸೇರಿಕೋ, ಗುರುತು ಸಿಗದಂತೆ ನಡೆ. ಹಾಗೆ ನಡೆದವನು ಅಮೆರಿಕದಲ್ಲಿ ಕೃಷಿವಿಜ್ಞಾನ ಓದಿದ್ದ ಮರಾಠಿ ಹುಡುಗ, ವಾರ್ಧಾ ಕಡೆಯ ಪಾಂಡುರಂಗ ಖಾನಖೋಜೆ.

ಬೇಸಾಯ ಓದಿದವನಿಗೆ ಮರಳುಗಾಡಿನಲ್ಲೇನು ಕೆಲಸ?

ಕಿಡಿ ಹತ್ತಿದ್ದು ಮನೆಯಲ್ಲೇ. ಅಜ್ಜ 1857ರ ದಂಗೆ ಕಂಡವರು. ಆ ಬಿಸಿಯಲ್ಲೇ ಬೆಳೆದ ಮೊಮ್ಮಗ ಇಪ್ಪತ್ತು ದಾಟುತ್ತಿದ್ದಂತೆ ಹಡಗು ಹತ್ತಿಬಿಟ್ಟ. ಜಪಾನ್, ಅಲ್ಲಿಂದ 1906ರ ಭೂಕಂಪದ ಪೆಟ್ಟಿನಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಸ್ಯಾನ್‌ಫ್ರಾನ್ಸಿಸ್ಕೊ. ಕೈಯಲ್ಲಿ ಕಾಸಿಲ್ಲ, ತಲೆಯಲ್ಲಿ ಎರಡೆರಡು ಪಾಠ: ಒಂದು ಕಡೆ ಕಾಲೇಜಿನಲ್ಲಿ ಮಣ್ಣು, ಬೀಜ, ಬೆಳೆ, ಇನ್ನೊಂದು ಕಡೆ ಟಾಮಲ್‌ಪೈಸ್ ಸೈನಿಕ ಶಾಲೆಯಲ್ಲಿ ಬಂದೂಕು. ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕ ಮೆಕ್ಸಿಕನ್ನರು ತಮ್ಮ ಸರ್ವಾಧಿಕಾರಿಯನ್ನು ಉರುಳಿಸುವ ಮಾತಾಡುತ್ತಿದ್ದರು. 1911ರಲ್ಲಿ ಉರುಳಿಸಿಯೂ ಬಿಟ್ಟರು. ಆರೆಗಾನ್‌ನ ಮರದ ಮಿಲ್ಲುಗಳಲ್ಲಿ ಬೆವರು ಸುರಿಸುತ್ತಿದ್ದ ಪಂಜಾಬಿಗಳೊಡನೆ ಸೇರಿ ಇವನೂ ಗುಂಪು ಕಟ್ಟಿದ. 1913ರಲ್ಲಿ, ಹೊರನಾಡಿನ ಭಾರತೀಯರು ಬ್ರಿಟಿಷರ ವಿರುದ್ಧ ಕಟ್ಟಿದ ಗದರ್ ಪಕ್ಷ ಹುಟ್ಟಿತು. ಮರುವರ್ಷವೇ ಮಹಾಯುದ್ಧ! ಬ್ರಿಟನ್ನಿಗೆ ಪೆಟ್ಟು ಕೊಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೆ? ಟರ್ಕಿ ಹಾದು ಪರ್ಷಿಯಾಕ್ಕೆ ನುಗ್ಗಿ, ಬಲೂಚಿಸ್ತಾನದ ಕಡೆಯಿಂದ ಭಾರತಕ್ಕೆ ದಾರಿ ಮಾಡುವ ಯೋಜನೆ. ಯೋಜನೆ ಮಣ್ಣುಪಾಲಾಯಿತು. ಜೀವ ಮಾತ್ರ ಹೇಗೋ ಉಳಿಯಿತು.

ಯುದ್ಧ ಮುಗಿದ ಮೇಲೆ ಬರ್ಲಿನ್. 1921ರಲ್ಲಿ ಕ್ರಾಂತಿಕಾರಿಗಳ ತಂಡದೊಡನೆ ಮಾಸ್ಕೊ. ಎಲ್ಲೂ ನಿಲ್ಲುವಂತಿಲ್ಲ, ಊರಿಗೆ ಮರಳುವಂತಿಲ್ಲ. ಬ್ರಿಟಿಷರ ಬೇಕಾದವರ ಪಟ್ಟಿಯಲ್ಲಿ ಹೆಸರು. ಆಗ ನೆನಪಾದದ್ದು ಕ್ಯಾಲಿಫೋರ್ನಿಯಾದ ಹಳೆಯ ಮೆಕ್ಸಿಕನ್ ಸ್ನೇಹಿತರು. 1924ರಲ್ಲಿ ಮೆಕ್ಸಿಕೊದ ನೆಲಕ್ಕೆ ಕಾಲಿಟ್ಟ. ಹಳೆಯ ಪರಿಚಯ ಕೈಹಿಡಿಯಿತು, ಚಪಿಂಗೊದ ರಾಷ್ಟ್ರೀಯ ಕೃಷಿ ಶಾಲೆಯಲ್ಲಿ ಪ್ರಾಧ್ಯಾಪಕನ ಕೆಲಸ ಸಿಕ್ಕಿತು. (ಮೇಷ್ಟ್ರಾದ ಮೇಲೆ ಏಕವಚನ ಸಲ್ಲದು.)

ಖಾನಖೋಜೆಯವರ ಬಗ್ಗೆ ಬರೆಯುವವರೆಲ್ಲ ಬಂದೂಕಿನ ಹತ್ತಿರವೇ ನಿಂತುಬಿಡುತ್ತಾರೆ. ನನ್ನ ಕೇಳಿದರೆ ನಿಜವಾದ ಸಾಹಸ ಶುರುವಾಗುವುದೇ ಇಲ್ಲಿ. ದಾವಣಗೆರೆ ಸೀಮೆಯವರಿಗೆ ಮೆಕ್ಕೆಜೋಳ ಒಂದು ಬೆಳೆ. ಮೆಕ್ಸಿಕೊದ ರೈತನಿಗೆ ಅದು ಅನ್ನವೂ ಹೌದು, ದೈವವೂ ಹೌದು. ಹೊರಗಿನಿಂದ ಬಂದವನೊಬ್ಬ ಅದಕ್ಕೇ ಕೈಹಾಕುವುದೆಂದರೆ ಎದೆಗಾರಿಕೆ ಬೇಕು. ಜೋಳದ ಕಾಡುಬಂಧು ಟಿಯೊಸಿಂಟೆಯ ಜೊತೆ ಜೋಳವನ್ನು ಸಂಕರ ಮಾಡಿದರು. ಹಿಮಕ್ಕೂ ಬರಕ್ಕೂ ಬಗ್ಗದ ತಳಿಗಳನ್ನು ಹುಡುಕುತ್ತಾ ಹೋದರು. ಅವರು ಬೆಳೆಸಿದ ಗ್ರಾನಡಾ ಜೋಳದ ತೆನೆಯೋ, ಬೆರಳು ಬಿಡಿಸಿದ ಹಸ್ತದ ಹಾಗೆ ಕವಲೊಡೆದದ್ದು! ಬಡ ರೈತರಿಗಾಗಿ ಶುಲ್ಕವಿಲ್ಲದ ಕೃಷಿ ಶಾಲೆಗಳನ್ನು ತೆರೆದರು. ಅವರ ತೆನೆಗಳ ಫೋಟೊ ತೆಗೆದವಳು ಛಾಯಾಗ್ರಾಹಕಿ ಟೀನಾ ಮೊಡೊಟ್ಟಿ. ಶಿಕ್ಷಣ ಸಚಿವಾಲಯದ ಗೋಡೆಯ ಮೇಲೆ ಮೆಕ್ಸಿಕೊದ ಚಿತ್ರಕಾರ ಡಿಯೇಗೊ ರಿವೇರಾ ಬರೆದ ಚಿತ್ರದಲ್ಲಿ, ಊಟದ ಮೇಜಿನಲ್ಲಿ ಕೂತು ರೊಟ್ಟಿ ಮುರಿಯುತ್ತಿರುವವರು ಇದೇ ಖಾನಖೋಜೆ. ಸುತ್ತ ಕೂತವರು ನಾನಾ ದೇಶದವರು.

ಮನೆಯೆಂಬುದು ಕೂಡಿಬಂದದ್ದು ಐವತ್ತರ ಆಸುಪಾಸಿನಲ್ಲಿ. 1936ರಲ್ಲಿ ಬೆಲ್ಜಿಯಂನ ಜೀನ್ ಸಿಂಡಿಕ್ ಅವರನ್ನು ಮದುವೆಯಾದರು. ಸಾವಿತ್ರಿ, ಮಾಯಾ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಅಷ್ಟು ವರ್ಷ ಒಂದೂರಲ್ಲಿ ನಿಲ್ಲದೆ ಓಡಿದ ಮನುಷ್ಯ, ಜೋಳದ ಹೊಲದ ಪಕ್ಕದಲ್ಲಿ ಅಪ್ಪನಾದ.

ದೇಶ ಸ್ವತಂತ್ರವಾದ ಮೇಲೆ 1955ರಲ್ಲಿ ನಾಗಪುರಕ್ಕೆ ಬಂದು ನೆಲೆಸಿದರು. ತೀರಿಕೊಂಡದ್ದು 1967ರ ಜನವರಿ 22ರಂದು. ಅಪ್ಪನ ಕಥೆಯನ್ನು ಪುಸ್ತಕವಾಗಿಸಿದವರು ಮಗಳು ಸಾವಿತ್ರಿ. ಚಪಿಂಗೊದಲ್ಲಿ ಖಾನಖೋಜೆಯವರ ಪ್ರತಿಮೆ ಅನಾವರಣಗೊಂಡದ್ದು ಮಾತ್ರ ತೀರಾ ತಡವಾಗಿ, 2022ರಲ್ಲಿ.