ಸೇಡಂನ ನೀರು, ನಮ್ಮ ಗ್ಯಾರೇಜಿನ ಪಾತ್ರೆ

ಚಿಂಚೋಳಿ
ಭಾನುವಾರ ರಾತ್ರಿ

ಪ್ರೀತಿಯ ತಮ್ಮನಿಗೆ,

ನಾನು ಮೆಲ್ಬರ್ನಿನಿಂದ ಹೊರಡುವಾಗ ಬಿಯರ್ ಮಾಡೋಕೆ ಯಾವ ಕರೆಂಟ್ ಪಾತ್ರೆ ಕೊಳ್ಳಲಿ ಅಂತ ಕೇಳಿದ್ದೆಯಲ್ಲ, ಇಲ್ಲಿಯ ಊರುಗಳನ್ನು ಸುತ್ತುತ್ತಾ ಅದೇ ತಲೆಯಲ್ಲಿತ್ತು. ಈಗ ಉತ್ತರ ಬರೆಯುವಷ್ಟು ಸ್ಪಷ್ಟವಾಗಿದೆ.

ಮೊದಲು ಇಳಿದದ್ದು ಶಹಾಬಾದಿನಲ್ಲಿ. ಅಜ್ಜಿ ಮನೆಯ ಪಡಸಾಲೆಗೆ ಹಾಸಿದ್ದ ಬೂದು ಕಲ್ಲು ಈ ಊರಿನದು. ಊರ ಸುತ್ತ ಕಲ್ಲಿನ ಗಣಿ, ಬಯಲ ತುಂಬ ಪೇರಿಸಿಟ್ಟ ಹಾಸುಗಲ್ಲು. ವಾಡಿಗೆ ಬಂದರೆ ಅದೇ ಸುಣ್ಣದಕಲ್ಲು ಸಿಮೆಂಟಾಗುತ್ತಿರುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲೇ ರೈಲು ಬಂದಿತ್ತು. ಅದೇ ದಾರಿಯಲ್ಲಿ ಚಿತ್ತಾಪುರ ದಾಟಿ ಸೇಡಂ ಸೇರಿದೆ. ಮಳಖೇಡದ ಕೋಟೆಯನ್ನೂ ಕಾಗಿಣಾ ಹೊಳೆಯನ್ನೂ ನೋಡಿದೆ, ಆ ವಿಷಯ ಅಮ್ಮನಿಗೆ ಬೇರೆ ಪತ್ರದಲ್ಲಿ ಬರೆಯುತ್ತೇನೆ.

ಸೇಡಂನ ಲಾಡ್ಜಿನಲ್ಲಿ ಸ್ನಾನಕ್ಕೆ ಬಕೆಟ್ಟು, ಜೊತೆಗೊಂದು ಹೀಟರ್ ಕಾಯಿಲ್ ಕೊಟ್ಟರು. ಕಾಯಿಲಿನ ಸುತ್ತ ದಪ್ಪನೆ ಬಿಳಿ ಪೊರೆ. ಉಗುರಿನಿಂದ ಕೆರೆದೆ, ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಸುಣ್ಣದಕಲ್ಲಿನೊಳಗಿಂದ ಬರುವ ನೀರಲ್ಲವೇ, ಕಾಯಿಸಿದಾಗ ಅದರಲ್ಲಿ ಕರಗಿದ್ದ ಸುಣ್ಣದಂಶ ಎಲ್ಲಕ್ಕಿಂತ ಬಿಸಿಯಾದ ಜಾಗಕ್ಕೇ ಹೋಗಿ ಕಚ್ಚಿಕೊಳ್ಳುತ್ತದೆ. ಪೊರೆ ದಪ್ಪವಾದಂತೆ ಶಾಖ ನೀರಿಗೆ ದಾಟದೆ ಕಾಯಿಲೇ ಸುಟ್ಟುಹೋಗುತ್ತದೆ. ಮೆಲ್ಬರ್ನಿನ ನೀರು ಬಹಳ ಮೆದು, ಹಾಗಾಗಿ ನಿನಗೆ ಸುಣ್ಣದ ಕಾಟ ಇಲ್ಲ. ಆದರೆ ಮಾಲ್ಟಿನ ಸಿಹಿನೀರು ಕುದಿಸುವಾಗ ಕಾಯಿಲಿಗೆ ಕಚ್ಚುವುದು ಸಕ್ಕರೆ, ಹಿಟ್ಟು. ಅದು ಸೀದರೆ ಇಡೀ ಪಾತ್ರೆ ಬಿಯರ್‌ಗೆ ಸುಟ್ಟ ವಾಸನೆ. ಜೋಳದ ನುಚ್ಚು ತಳ ಹಿಡಿದರೆ ಹೇಗೋ ಹಾಗೆ, ಮೇಲಿನದನ್ನು ಬೇರೆ ಪಾತ್ರೆಗೆ ಸುರಿದರೂ ವಾಸನೆ ಹೋಗುವುದಿಲ್ಲ.

ಆದ್ದರಿಂದ ಮೊದಲು ನೋಡಬೇಕಾದದ್ದು ಕಾಯಿಲ್. ವಾಟ್ ಅಷ್ಟೇ ಇರಲಿ, ಕಾಯಿಲ್ ಉದ್ದವಾಗಿರಲಿ. ಶಾಖ ಹೆಚ್ಚು ಜಾಗಕ್ಕೆ ಹರಡಿದರೆ ಯಾವ ಜಾಗವೂ ಸೀಯುವಷ್ಟು ಕಾಯುವುದಿಲ್ಲ. ಬಿಚ್ಚಿ ಉಜ್ಜಲು ಬರುವಂಥದೇ ಬೇಕು. ತಳದ ತಟ್ಟೆಯ ಅಡಿಯಲ್ಲಿ ಕಾಯಿಲ್ ಅಡಗಿರುವ ಪಾತ್ರೆಗಳೂ ಇವೆ, ತೊಳೆಯಲು ಸುಲಭ. ಆದರೆ ಕಾಯಿಲ್ ಕೆಟ್ಟರೆ ಬದಲಿಸುವುದು ಕಷ್ಟ. ನನ್ನ ಓಟು ಬಿಚ್ಚುವ ಕಾಯಿಲಿಗೆ. ಅದರ ಮೇಲೆ ತೂತಿನ ಸ್ಟೀಲ್ ತಟ್ಟೆ ಇಟ್ಟು, ಮಾಲ್ಟ್ ಕಾಳು ತುಂಬಿದ ಬಟ್ಟೆ ಚೀಲ ಅದರ ಮೇಲೇ ಕೂರಬೇಕು. ಚೀಲ ಕಾಯಿಲಿಗೆ ತಾಗಿದರೆ ಬಟ್ಟೆ ಸುಡುತ್ತದೆ. ಕಾಯಿಲ್ ಪೂರ್ತಿ ಮುಳುಗದೆ ಸ್ವಿಚ್ ಹಾಕಲೇಬೇಡ.

ಗಾತ್ರದಲ್ಲಿ ಜಿಪುಣತನ ಮಾಡಬೇಡ. ಕೊನೆಗೆ 20 ಲೀಟರ್ ಬಿಯರ್ ಬೇಕೆಂದರೆ ಶುರುವಿಗೆ 30 ಲೀಟರಿಗೂ ಮೇಲೆ ನೀರು, ಜೊತೆಗೆ 5 ಕಿಲೋ ಮಾಲ್ಟ್ ಚೀಲದಲ್ಲಿ ಇಳಿಯುತ್ತದೆ. ಕುದಿ ಬಂದಾಗ ಉಕ್ಕುತ್ತದೆ ಬೇರೆ. 40 ಲೀಟರಿನದು ಇಕ್ಕಟ್ಟು, 50 ಲೀಟರಿನದೇ ತಗೋ. ಅಗಲಕ್ಕಿಂತ ಎತ್ತರ ತುಸು ಹೆಚ್ಚಿರಲಿ. ನಮ್ಮ ಮಾಮೂಲಿ 10 ಆಂಪ್ ಪ್ಲಗ್ಗಿನಿಂದ ಸಿಗುವುದು ಹೆಚ್ಚೆಂದರೆ 2,400 ವಾಟ್. ಅಷ್ಟರಲ್ಲಿ 32 ಲೀಟರ್ ನೀರು 20 ಡಿಗ್ರಿಯಿಂದ ಮಾಲ್ಟ್ ನೆನೆಸಲು ಬೇಕಾದ 68ಕ್ಕೆ ಏರಲು ಮುಕ್ಕಾಲು ಗಂಟೆ, ಕುದಿಸಲು ಮತ್ತೆ ಅರ್ಧ ಗಂಟೆ. ಬಾಯಿ ಅಗಲವಾದರೆ ಹೆಚ್ಚು ಶಾಖ ಹಬೆಯಲ್ಲಿ ಹೋಗಿ ಕುದಿ ಜೋರಾಗಿ ಉಳಿಯುವುದಿಲ್ಲ. ಹೊರಗೆ ಕಂಬಳಿಯಂಥ ಹೊದಿಕೆ ಸುತ್ತಿದರೆ ಒಳ್ಳೆಯದು.

ಇಲ್ಲಿ ಚಿಂಚೋಳಿಯ ಪಾತ್ರೆ ಅಂಗಡಿಯಲ್ಲಿ ಮದುವೆ ಅಡುಗೆಯ ದೊಡ್ಡ ಅಲ್ಯೂಮಿನಿಯಂ ಬೋಗಾಣಿಗಳು ಕಣ್ಣಿಗೆ ಬಿದ್ದವು. ಒಂದನ್ನು ಹೊತ್ತು ತರಲೇ ಅಂತ ಆಸೆಯಾಯಿತು, ಬೇಡ ಅನ್ನಿಸಿತು. ಬಾಯಿ ಅಗಲ, ಎತ್ತರ ಕಡಿಮೆ, ಸೌದೆ ಒಲೆಗೆ ಹೇಳಿ ಮಾಡಿಸಿದ್ದು. ನಿನಗೆ ಗಟ್ಟಿ ತಳದ, ನಲ್ಲಿ ಇರುವ 304 ದರ್ಜೆಯ ಸ್ಟೀಲ್ ಪಾತ್ರೆಯೇ ಸರಿ. ಇಲ್ಲಂತೂ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ, 1965ರ ಅಬಕಾರಿ ಕಾಯ್ದೆ ಇದೆ. ಅಲ್ಲಿ ಮನೆಮಟ್ಟಿಗೆ ಮಾಡಿಕೊಳ್ಳಲು ಅಡ್ಡಿಯಿಲ್ಲ, ಹೀಗೆ ಕಾಳನ್ನು ಚೀಲದಲ್ಲಿ ನೆನೆಸಿ ಬಿಯರ್ ಮಾಡುವ ಪದ್ಧತಿ ಬೆಳೆದದ್ದೂ ಆಸ್ಟ್ರೇಲಿಯಾದಲ್ಲೇ.

ಇನ್ನೊಂದು ಮಾತು. ಸುಣ್ಣದಂಶದ ನೀರಿಗೆ ಹುರಿದ ಮಾಲ್ಟಿನ ಕಪ್ಪು ಬಿಯರ್ ಹೊಂದುತ್ತದೆ, ಡಬ್ಲಿನ್ನಿನ ಕಪ್ಪು ಬಿಯರ್ ಅಂಥ ನೀರಿನದು. ಪಿಲ್ಸೆನ್ನಿನ ಹೊಂಬಣ್ಣದ ಬಿಯರ್ ಮೆದುನೀರಿನದು. ನಮ್ಮ ನಲ್ಲಿಯಲ್ಲಿ ಬರುವುದು ಮೆದುನೀರು, ಆದ್ದರಿಂದ ಮೊದಲ ಸಲ ತಿಳಿಬಣ್ಣದ ಬಿಯರನ್ನೇ ಮಾಡು.

ದುಡ್ಡು ಕೊಡುವ ಮುಂಚೆ ಗ್ಯಾರೇಜಿನ ಪ್ಲಗ್ಗು 10 ಆಂಪಿನದೋ 15 ಆಂಪಿನದೋ ನೋಡು. ಅರ್ಥಿಂಗ್ ಮತ್ತು ಸೇಫ್ಟಿ ಸ್ವಿಚ್ ಸರಿಯಾಗಿವೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ತಪ್ಪದೆ ಪರೀಕ್ಷೆ ಮಾಡಿಸು.

ನಿನ್ನ
ಅಣ್ಣ