ಐದನೆಯ ಪಾಲು

ಮಾರಿಕುಪ್ಪಂನಲ್ಲಿ ರೈಲುಹಳಿ ಮುಗಿಯುತ್ತದೆ. ಚಿನ್ನದ ಗಣಿಯ ಕೆಲಸ 2001ರ ಫೆಬ್ರವರಿಯಲ್ಲಿಯೇ ಮುಗಿಯಿತು. ಅಲ್ಲಿಂದ ದಿನವೂ ಬೆಂಗಳೂರಿಗೆ ದುಡಿಯಲು ಹೋಗಿಬರುವ ತರುಣನೊಬ್ಬನು ಒಂದು ಭಾನುವಾರ ತನ್ನ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಅಳವಡಿಸಲು ಕುಳಿತನು. ಹಾರ್ಡ್ ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಬರಿದಾಗಿತ್ತು. ಆದರೂ ಹೊಸ ಪಾಲು ಮಾಡಲಾಗದೆಂದು ಯಂತ್ರ ಹಠ ಹಿಡಿಯಿತು.

ಹಳೆಯ ಎಂಬಿಆರ್ ಪದ್ಧತಿಯ ಕಟ್ಟಳೆ ಅದು. ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಪಾಲುಪಟ್ಟಿಗೆ ಮೀಸಲಾದುದು 64 ಮಾತ್ರ; ಒಂದಕ್ಕೆ 16ರಂತೆ ಮುಖ್ಯ ಪಾಲುಗಳು ನಾಲ್ಕೇ. ದಾಯಾದಿಗಳ ಮನೆಯಲ್ಲಿಯೂ ಇಷ್ಟು ಬಿಗಿಯಿರಲಾರದು! ಐದನೆಯದು ಬೇಕಾದರೆ ಒಂದನ್ನು ಅಳಿಸಿ, ಅಲ್ಲಿ ವಿಸ್ತೃತ ಪಾಲೊಂದನ್ನು ಮಾಡಿ, ಅದರೊಳಗೆ ಉಳಿದವನ್ನು ಹಂಚಬೇಕು.

ಅಳಿಸಬೇಕಾಗಿದ್ದ ನಾಲ್ಕನೆಯ ಪಾಲಿನಲ್ಲಿದ್ದುದು, ಗಣಿಯ ದೀಪದ ಟೋಪಿ ತೊಟ್ಟ ತಂದೆಯ ಚಿತ್ರಗಳು. ಬೇರೆ ಪ್ರತಿಯಿರಲಿಲ್ಲ. ಆತನು ನೆರೆಮನೆಯಿಂದ ಪೆನ್ ಡ್ರೈವ್ ತಂದು ನಕಲು ಮಾಡಿದನು. ಒಂದೊಂದನ್ನೂ ತೆರೆದು ತಾಯಿಗೆ ತೋರಿಸಿದನು. ಆಮೇಲೆಯೇ ಗುಂಡಿಯೊತ್ತಿದುದು. ರಾತ್ರಿ ಹನ್ನೊಂದರ ಹೊತ್ತಿಗೆ ಲಿನಕ್ಸ್ ತಕರಾರಿಲ್ಲದೆ ನೆಲಸಿತು.